ಫ್ಯಾನ್ ಫೆಸ್ಟ್‌ನಲ್ಲಿ ‘ಮೊದಲೇ ಸಹಿ ಮಾಡಿದ’ ಬಾಲ್ ಕೊಟ್ಟರೆ ದಯವಿಟ್ಟು ತಗೋಬೇಡಿ

ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಮನೆಯಲ್ಲಿ ಬೇಸ್‌ಬಾಲ್ ಹುಚ್ಚಿನ ಮಗು ಇದ್ದರೆ ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ, ಆದರೆ ನಮ್ಮ ಮನೆಯಲ್ಲಿ ಆದದ್ದು ನಿಮ್ಮ ಮನೆಯಲ್ಲಿ ಆಗಬಾರದು.

ಚಳಿಗಾಲದಲ್ಲಿ ಇಲ್ಲಿ ಬೇಸ್‌ಬಾಲ್ ಪಂದ್ಯ ಇರುವುದಿಲ್ಲ. ಆದರೆ ಆಟಗಾರರನ್ನು ಹತ್ತಿರದಿಂದ ನೋಡುವ ಅವಕಾಶ ಆಗಲೇ ಜಾಸ್ತಿ. ಫೆಬ್ರವರಿಯಲ್ಲಿ ಸ್ಪ್ರಿಂಗ್ ಟ್ರೈನಿಂಗ್‌ಗೆ, ಅಂದರೆ ಸೀಸನ್ ಮುಂಚಿನ ಅಭ್ಯಾಸಕ್ಕೆ, ಹೊರಡುವ ಮುಂಚೆ ಹಲವು ತಂಡಗಳು ಅಭಿಮಾನಿಗಳಿಗೆ ಅಂತಲೇ ಹಬ್ಬ ಮಾಡುತ್ತವೆ. ಅದೇ ಫ್ಯಾನ್ ಫೆಸ್ಟ್. ಶಿಕಾಗೋ ಕಬ್ಸ್ ತಂಡದವರು ಇಂಥದ್ದನ್ನು 1986ರಲ್ಲೇ ಶುರು ಮಾಡಿದರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ವಿಂಟರ್ ವಾರ್ಮ್‌ಅಪ್ ಅನ್ನುವ ಇಂಥದ್ದೇ ಹಬ್ಬದಲ್ಲಿ ಆಟೋಗ್ರಾಫ್ ಟಿಕೆಟ್‌ಗೆ ದುಡ್ಡು ತಗೊಳ್ಳುತ್ತಾರೆ, ಅದು ಅವರ ಸೇವಾಸಂಸ್ಥೆಗೆ ಹೋಗುತ್ತದೆ. ತಂಡವೇ ಮುಂದೆ ನಿಂತು ನಡೆಸುವ ಇಂಥ ಕಾರ್ಯಕ್ರಮಗಳ ಬಗ್ಗೆ ನನಗೆ ತಕರಾರಿಲ್ಲ. ಸಾಲು ಉದ್ದ ಇರಬಹುದು, ಬಯಸಿದ ಆಟಗಾರ ಸಿಗದೆ ಇರಬಹುದು, ಅಷ್ಟೇ.

ತೊಂದರೆ ಇರುವುದು ಅದೇ ಹೊತ್ತಿನಲ್ಲಿ, ಅದೇ ಬಣ್ಣದ ಬ್ಯಾನರ್ ಹಾಕಿಕೊಂಡು, ಹೋಟೆಲ್ ಹಾಲ್‌ಗಳಲ್ಲಿ ನಡೆಯುವ ಖಾಸಗಿ ಶೋಗಳಲ್ಲಿ. ಎಲ್ಲರೂ ಮೋಸಗಾರರಲ್ಲ. ಎಷ್ಟೋ ವರ್ಷದಿಂದ ಒಳ್ಳೆಯ ಹೆಸರು ಇಟ್ಟುಕೊಂಡು ನಡೆಸುವವರೂ ಇದ್ದಾರೆ. ಆದರೆ ಪೋಸ್ಟರ್ ನೋಡಿದರೆ ಯಾವುದು ತಂಡದ್ದು, ಯಾವುದು ಹೊರಗಿನವರದ್ದು ಅಂತ ಗೊತ್ತಾಗುವುದೇ ಇಲ್ಲ.

ನಾವು ಹೋದದ್ದು ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ) ಅಂಥದ್ದೊಂದು ಶೋಗೆ. ನನ್ನ ಮಗಳು ಸಾಫ್ಟ್‌ಬಾಲ್ ಆಡುತ್ತಾಳೆ, ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಜಾಗ). ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡ 2010, 2012, 2014ರಲ್ಲಿ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್) ಗೆದ್ದಿತಲ್ಲ, ಆ ಕಾಲದ ಒಬ್ಬ ಆಟಗಾರ ಅಂದರೆ ಅವಳಿಗೆ ಪ್ರಾಣ. ಅವರು ನಿವೃತ್ತರಾದ ಮೇಲೆ ಇವಳು ಆಟ ನೋಡಲು ಶುರು ಮಾಡಿದ್ದು. ಹಳೆಯ ವಿಡಿಯೋಗಳನ್ನೆಲ್ಲ ಹುಡುಕಿ ಹುಡುಕಿ ನೋಡಿದ್ದಾಳೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರನ್ನು ನಿಜವಾಗಿ ಕರೆಸಿದ್ದರೋ, ಸುಮ್ನೆ ಹೆಸರು ಹಾಕಿದ್ದರೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಟಿಕೆಟ್‌ನ ಲೆಕ್ಕಾಚಾರವೇ ಬೇರೆ ಥರ. ಒಳಗೆ ಹೋಗಲು ಒಂದು ದುಡ್ಡು. ಆಟೋಗ್ರಾಫ್‌ಗೆ ಇನ್ನೊಂದು. ಅದರಲ್ಲೂ ಬಾಲ್ ಅಥವಾ ಫೋಟೋಗೆ ಒಂದು ದರ, ಬ್ಯಾಟ್ ಅಥವಾ ಜೆರ್ಸಿಗೆ ಮತ್ತೊಂದು ದರ. ಸಹಿಯ ಜೊತೆ ಮಗುವಿನ ಹೆಸರೋ, ‘ವರ್ಲ್ಡ್ ಸೀರೀಸ್ ಚಾಂಪಿಯನ್’ ಅಂತಲೋ ಬರೆಸಿದರೆ ಅದಕ್ಕೆ ಬೇರೆ. ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳಬೇಕಾದರೆ ಅದಕ್ಕೂ ಬೇರೆ. ಇದೆಲ್ಲ ಈ ವ್ಯವಹಾರದಲ್ಲಿ ಮಾಮೂಲು, ಇದನ್ನು ಮೋಸ ಅನ್ನುವುದಿಲ್ಲ. ಆದರೆ ಟಿಕೆಟ್‌ನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತು ಇರುತ್ತದೆ: ಆಟಗಾರ ಬರದಿದ್ದರೆ ‘ಸಮಾನ ಬೆಲೆಯ ವಸ್ತು’ ಕೊಡಲಾಗುವುದು. ನಮ್ಮನ್ನು ಸಿಕ್ಕಿಸಿದ್ದು ಈ ಒಂದು ಸಾಲು. ನೀವು ಟಿಕೆಟ್ ಕೊಳ್ಳುವಾಗ ಮೊದಲು ಇದನ್ನೇ ಹುಡುಕಿ. ‘ಬರದಿದ್ದರೆ ಪೂರ್ತಿ ಹಣ ವಾಪಸ್’ ಅಂತ ಸ್ಪಷ್ಟವಾಗಿ ಇಲ್ಲದಿದ್ದರೆ ಕೊಳ್ಳಲೇ ಬೇಡಿ.

ಹಾಲ್‌ನಲ್ಲಿ ಜನ ತುಂಬಿದ್ದರು. ಸಾಲಿನಲ್ಲಿ ತುಂಬಾ ಹೊತ್ತು ನಿಂತ ಮೇಲೆ ಶೋ ಕಡೆಯ ಒಬ್ಬ ಬಂದು, ವಿಮಾನ ತಡವಾಗಿದೆ ಅಂದ. ಆಮೇಲೆ ಆರೋಗ್ಯ ಸರಿ ಇಲ್ಲ ಅಂದ. ಕೊನೆಗೆ, ‘ಯಾರಿಗೂ ನಿರಾಸೆ ಆಗಬಾರದು ಅಂತ ಅವರೇ ಮೊದಲೇ ಸಹಿ ಮಾಡಿ ಕೊಟ್ಟ ಬಾಲ್‌ಗಳಿವೆ, ಟಿಕೆಟ್ ಕೊಟ್ಟು ಒಂದೊಂದು ತಗೊಳ್ಳಿ’ ಅಂದ. ಅಷ್ಟೇ ಅಲ್ಲ, ಟಿಕೆಟ್ ಮೇಲೆ ಇನ್ನೂ 60 ಡಾಲರ್ ಕೊಟ್ಟರೆ ಗಾಜಿನ ಡಬ್ಬಿ, ಸರ್ಟಿಫಿಕೇಟ್ ಸಮೇತ ‘ಸ್ಪೆಷಲ್’ ಬಾಲ್. ಕಾರ್ಡ್ ಬೇಡ, ಕ್ಯಾಶ್ ಮಾತ್ರ. ದುಡ್ಡು ವಾಪಸ್ ಕೊಡಿ ಎಂದು ಕೇಳಿದವರಿಗೆ ಟಿಕೆಟ್‌ನ ಆ ಸಣ್ಣ ಸಾಲು ತೋರಿಸಿದರು. ನನ್ನ ಹಿಂದೆ ಒಬ್ಬ ಅಜ್ಜ ಮೊಮ್ಮಗನ ಕೈ ಹಿಡಿದು ನಿಂತಿದ್ದರು. ಮಾತಾಡದೆ ಬಾಲ್ ತಗೊಂಡು ಹೋದರು. ಮಕ್ಕಳು ಪಕ್ಕದಲ್ಲಿ ನಿಂತಿರುವಾಗ ಯಾರೂ ಜಗಳ ಆಡುವುದಿಲ್ಲ. ಇವರಿಗೆ ಅದು ಚೆನ್ನಾಗಿ ಗೊತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಕೋಪ ಬರುವುದು ಇದಕ್ಕೇ.

ನಾವೂ 60 ಡಾಲರ್ ಕೊಟ್ಟು ಆ ‘ಸ್ಪೆಷಲ್’ ಬಾಲನ್ನೇ ತಗೊಂಡೆವು. ಮಗಳು ಅದನ್ನು ಹಿಡಿದುಕೊಂಡು ಕಾರಿನಲ್ಲಿ ಕೂತಳು. ‘ಅಮ್ಮಾ, ಇದನ್ನ ನಿಜವಾಗ್ಲೂ ಅವರೇ ಮುಟ್ಟಿದ್ದಾರಾ?’ ಅಂತ ಕೇಳಿದಳು.

ಕನ್ನಡ ಕೂಟದಲ್ಲಿ ಪರಿಚಯವಾದ ಮಂಡ್ಯದ ಒಬ್ಬರಿದ್ದಾರೆ. ಅವರ ಮನೆಯಲ್ಲಿ ಸಹಿ ಮಾಡಿದ ಬಾಲ್‌ಗಳ ಒಂದು ಕಪಾಟೇ ಇದೆ. ಮುಂದಿನ ವಾರ ಬಾಲನ್ನು ಅವರಿಗೆ ಕೊಟ್ಟು ನೋಡಲು ಹೇಳಿದೆವು. ಮೊದಲು ಅವರು ಸಹಿ ನೋಡಲೇ ಇಲ್ಲ. ಬಾಲ್ ತಿರುಗಿಸಿ, ಕಂಪನಿ ಅಚ್ಚು ಇರುವ ಕಡೆ ಬೆರಳಿಟ್ಟು, ‘ಅಕ್ಕಾ, ಸರ್ಟಿಫಿಕೇಟ್‌ನಲ್ಲಿ ಯಾವ ವರ್ಷ ಸಹಿ ಮಾಡಿದ್ದು ಅಂತ ಬರೆದಿದ್ದಾರೆ?’ ಅಂದರು. 2011 ಅಂತ ಇತ್ತು. ‘ಹಂಗಾದ್ರೆ ಇಲ್ಲಿ ನೋಡಿ’ ಅಂದರು.

ಇಲ್ಲಿನ ಬೇಸ್‌ಬಾಲ್‌ನ ಅತಿ ದೊಡ್ಡ ಹಂತವಾದ ಮೇಜರ್ ಲೀಗ್‌ನ ಅಧಿಕೃತ ಬಾಲ್ ಮಾಡುವುದು ರಾಲಿಂಗ್ಸ್ ಕಂಪನಿ. ಅದರ ಮೇಲೆ ಲೀಗ್‌ನ ಕಮಿಷನರ್, ಅಂದರೆ ಮುಖ್ಯಸ್ಥರ, ಸಹಿ ಅಚ್ಚಾಗಿರುತ್ತದೆ. 2011ರಲ್ಲಿ ಕಮಿಷನರ್ ಆಗಿದ್ದವರು ಬಡ್ ಸೀಲಿಗ್. ರಾಬ್ ಮ್ಯಾನ್‌ಫ್ರೆಡ್ ಆ ಜಾಗಕ್ಕೆ ಬಂದದ್ದು 2015ರ ಜನವರಿಯಲ್ಲಿ. ನಮ್ಮ ಬಾಲ್ ಮೇಲೆ ಇದ್ದದ್ದು ಮ್ಯಾನ್‌ಫ್ರೆಡ್ ಸಹಿ. ಅಂದರೆ 2011ರಲ್ಲಿ ಈ ಬಾಲ್ ಹುಟ್ಟಿರಲೇ ಇಲ್ಲ. ಅದರ ಮೇಲೆ ಯಾರು ತಾನೇ ಸಹಿ ಮಾಡಲು ಸಾಧ್ಯ, ಅಲ್ವಾ?

ಆಮೇಲೆ ಭೂತಗನ್ನಡಿ ಹಿಡಿದು ಸಹಿಯನ್ನೂ ತೋರಿಸಿದರು. ದಿನಕ್ಕೆ ನೂರಾರು ಸಹಿ ಮಾಡುವವರ ಕೈ ಓಡುತ್ತದೆ. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಕೊನೆಗೆ ಮೊನಚಾಗಿ ಎಳೆದು ಬಿಟ್ಟಂತೆ ಇರುತ್ತದೆ. ನಮ್ಮ ಬಾಲ್ ಮೇಲಿನ ಗೆರೆ ಉದ್ದಕ್ಕೂ ಒಂದೇ ದಪ್ಪ. ತಿರುವು ಇರುವಲ್ಲೆಲ್ಲ ಪೆನ್ ನಿಂತು ನಿಂತು ಹೋದ ಚುಕ್ಕೆಗಳು. ಕೊನೆ ಮೊಂಡು. ನೋಡಿಕೊಂಡು ನಿಧಾನವಾಗಿ ಬಿಡಿಸಿದ ಚಿತ್ರದ ಹಾಗಿತ್ತು. ಅದೇ ಶೋನಲ್ಲಿ ಬಾಲ್ ತಗೊಂಡ ಇನ್ನೊಂದು ಕುಟುಂಬ ನಮಗೆ ಗೊತ್ತಿತ್ತು. ಅವರ ಬಾಲ್ ಪಕ್ಕದಲ್ಲಿಟ್ಟು ನೋಡಿದರೆ ಎರಡು ಸಹಿಯೂ ಪಡಿಯಚ್ಚು. ನಿಜವಾದ ಮನುಷ್ಯ ಎರಡು ಸಲ ಹಾಗೆ ಸಹಿ ಮಾಡಲಾರ.

ಇನ್ನು ಆ ಸರ್ಟಿಫಿಕೇಟ್. ಬಂಗಾರದ ಬಣ್ಣದ ಅಂಚು, ಹದ್ದಿನ ಚಿತ್ರ, ‘ಜೀವಮಾನದ ಗ್ಯಾರಂಟಿ’. ಕೊಟ್ಟವರು ಯಾರು? ಬಾಲ್ ಮಾರಿದವರೇ. ವಿಳಾಸ ಇಲ್ಲ, ಬರೀ ಒಂದು ಈಮೇಲ್. ಹೊಳೆಯುವ ಸ್ಟಿಕ್ಕರ್ ಇತ್ತು, ಅದರ ಮೇಲೆ ನಂಬರ್ ಇತ್ತು, ಆ ನಂಬರನ್ನು ಎಲ್ಲಿ ಹಾಕಿ ನೋಡಬೇಕು ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

ಇದು ಇವತ್ತಿನ ರೋಗವೂ ಅಲ್ಲ. ಸ್ಯಾನ್ ಡಿಯಾಗೋ ಪಾಡ್ರೆಸ್ ತಂಡದ ದೊಡ್ಡ ಆಟಗಾರ ಟೋನಿ ಗ್ವಿನ್ ಅವರಿಗೆ 90ರ ದಶಕದಲ್ಲಿ ತಮ್ಮದೇ ತಂಡದ ಅಂಗಡಿಯಲ್ಲಿ ತಮ್ಮ ನಕಲಿ ಸಹಿ ಮಾರುತ್ತಿರುವುದು ಕಣ್ಣಿಗೆ ಬಿದ್ದಿತ್ತು. ತಂಡದ ಅಂಗಡಿಯವರೇ ಮೋಸ ಹೋಗಿದ್ದರು ಅಂದರೆ ಯೋಚನೆ ಮಾಡಿ. ಆ ದಶಕದ ಕೊನೆಯಲ್ಲಿ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಅಂತ ತನಿಖೆ ನಡೆಸಿ ದೊಡ್ಡ ನಕಲಿ ಜಾಲವನ್ನೇ ಹಿಡಿಯಿತು. ಸಿಕ್ಕಿದ ಸಾಮಾನಿನಲ್ಲಿ ಮದರ್ ತೆರೇಸಾ ಸಹಿ ಇದ್ದ ಬೇಸ್‌ಬಾಲ್‌ಗಳೂ ಇದ್ದವು! ನಕಲಿ ಮಾಡುವವರು ಎಲ್ಲಿಯವರೆಗೆ ಹೋಗುತ್ತಾರೆ ನೋಡಿ.

ಇದಾದ ಮೇಲೆಯೇ ಮೇಜರ್ ಲೀಗ್‌ನವರು 2001ರಲ್ಲಿ ತಮ್ಮದೇ ದೃಢೀಕರಣ ವ್ಯವಸ್ಥೆ ಶುರು ಮಾಡಿದರು. ಇದರ ಬಗ್ಗೆ ಎಲ್ಲರಿಗೂ ಗೊತ್ತಿರಲೇಬೇಕು. ಪೊಲೀಸ್ ಕೆಲಸದಲ್ಲಿ ಇರುವ ಅಥವಾ ಇದ್ದು ಬಿಟ್ಟ ಜನರನ್ನೇ ಈ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಆಟಗಾರ ಸಹಿ ಮಾಡುವಾಗ ಅವರು ಎದುರಿಗೇ ನಿಂತಿರುತ್ತಾರೆ. ತಾವು ಕಣ್ಣಾರೆ ನೋಡಿದ್ದಕ್ಕೆ ಮಾತ್ರ ಹಾಲೋಗ್ರಾಮ್ ಸ್ಟಿಕ್ಕರ್ ಅಂಟಿಸುತ್ತಾರೆ. ಮನೆಯಲ್ಲಿರುವ ಹಳೆಯ ಬಾಲ್ ಒಯ್ದು ‘ಇದಕ್ಕೂ ಹಾಕಿಕೊಡಿ’ ಅಂದರೆ ಹಾಕುವುದಿಲ್ಲ. ಪ್ರತಿ ಸ್ಟಿಕ್ಕರ್‌ಗೂ ಬೇರೆ ಬೇರೆ ನಂಬರ್. ಅದನ್ನು ಲೀಗ್‌ನ ವೆಬ್‌ಸೈಟ್‌ನಲ್ಲಿ ಹಾಕಿದರೆ ವಸ್ತು ಯಾವುದು, ಯಾರದ್ದು ಅಂತ ಬರುತ್ತದೆ. ಕೊಳ್ಳುವ ಮುಂಚೆ, ಅಲ್ಲೇ ನಿಂತು ಫೋನ್‌ನಲ್ಲಿ ನೋಡಿ. ಮಾರುವವನು ನೆಟ್‌ವರ್ಕ್ ಇಲ್ಲ, ಸಾಲು ಮುಂದೆ ಹೋಗಬೇಕು ಅಂತ ಅವಸರ ಮಾಡಿದರೆ ಬಾಲ್ ಮೇಜಿನ ಮೇಲಿಟ್ಟು ಬಂದುಬಿಡಿ.

ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಅಂತ ಹೊರಗಿನ ಕಂಪನಿಗಳೂ ಇವೆ. ಅವರು ಹೆಚ್ಚಾಗಿ ಸಹಿಯನ್ನು ಆಮೇಲೆ ಪರೀಕ್ಷೆ ಮಾಡಿ ಅಭಿಪ್ರಾಯ ಹೇಳುವವರು. ಅವರ ಸ್ಟಿಕ್ಕರ್‌ಗೂ ನಂಬರ್ ಇರುತ್ತದೆ, ಅದನ್ನೂ ಹಾಕಿ ನೋಡಬಹುದು. ಸ್ಟಿಕ್ಕರ್ ಇದೆ ಅಂದ ಮಾತ್ರಕ್ಕೆ ನಂಬಬೇಡಿ, ಸ್ಟಿಕ್ಕರನ್ನೂ ನಕಲು ಮಾಡುತ್ತಾರೆ. ನಂಬರ್ ಹಾಕಿದಾಗ ಬರುವ ವಿವರ ನಿಮ್ಮ ಕೈಯಲ್ಲಿರುವ ವಸ್ತುವಿಗೆ ಹೊಂದಬೇಕು.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಇನ್ನೊಂದು ಮುಖ್ಯ ವಿಷಯ. ಸಹಿ ಮಾಡಿದ ಕ್ರೀಡಾ ವಸ್ತು ಮಾರುವ ಡೀಲರ್‌ಗಳಿಗೆ ಅಂತಲೇ ಇಲ್ಲಿ ಕಾನೂನು ಇದೆ. ಸಹಿ ಅಸಲಿ ಅನ್ನುವ ಬಗ್ಗೆ ಲಿಖಿತ ಗ್ಯಾರಂಟಿ ಪತ್ರ ಕೊಡಬೇಕು. ಅದರಲ್ಲಿ ಡೀಲರ್‌ನ ಹೆಸರು, ವಿಳಾಸ, ಮಾರಿದ ದಿನ ಇರಬೇಕು. ಸಹಿ ತನ್ನ ಎದುರಿಗೇ ಆಯಿತೋ, ಬೇರೆ ಯಾರಿಂದಲೋ ಬಂದ ವಸ್ತುವೋ ಅನ್ನುವುದನ್ನೂ ಹೇಳಬೇಕು. ಮಾರುವ ಜಾಗದಲ್ಲಿ ಈ ಕಾನೂನಿನ ಬಗ್ಗೆ ಎದ್ದು ಕಾಣುವ ಬೋರ್ಡ್ ಹಾಕಿರಬೇಕು. ನಾವು ಹೋದ ಹಾಲ್‌ನಲ್ಲಿ ಜಾಹೀರಾತಿನ ಬೋರ್ಡ್ ಬಿಟ್ಟರೆ ಮತ್ತೇನೂ ಇರಲಿಲ್ಲ. ನೀವು ಹೋದಾಗ ಮೊದಲು ಆ ಬೋರ್ಡ್ ಹುಡುಕಿ. ಇಲ್ಲದಿದ್ದರೆ ಅಲ್ಲಿ ಯಾಕೆ ದುಡ್ಡು ಬಿಚ್ಚಬೇಕು?

ದುಡ್ಡಿನ ಕಥೆ ಹೇಳಿಬಿಡುತ್ತೇನೆ. ಆಟೋಗ್ರಾಫ್ ಟಿಕೆಟನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡಿದ್ದೆವು. ಆಟಗಾರ ಬರಲಿಲ್ಲ ಅಂತ ಪೋಸ್ಟರ್, ಟಿಕೆಟ್, ಹಾಲ್‌ನ ಫೋಟೋ ಎಲ್ಲ ಸೇರಿಸಿ ಕಾರ್ಡ್ ಕಂಪನಿಗೆ ದೂರು ಕೊಟ್ಟಾಗ ಆ ಹಣ ವಾಪಸ್ ಬಂತು. ಕ್ಯಾಶ್ ಕೊಟ್ಟ 60 ಡಾಲರ್ ಮಾತ್ರ ಬರಲಿಲ್ಲ. ಶೋನವರ ಫೋನ್ ಎತ್ತುವವರಿಲ್ಲ, ಈಮೇಲ್‌ಗೆ ಒಂದೇ ಉತ್ತರ: ಮಾರಿದ್ದನ್ನು ವಾಪಸ್ ತಗೊಳ್ಳುವುದಿಲ್ಲ. ಹಾಗಾಗಿ ಇಂಥ ಜಾಗದಲ್ಲಿ ಕ್ಯಾಶ್ ಕೊಡಲೇಬೇಡಿ. ಕ್ಯಾಶ್ ಮಾತ್ರ ಅನ್ನುವವನ ಹತ್ತಿರ ಕೊಳ್ಳುವ ಅಗತ್ಯ ನಮಗಿಲ್ಲ.

ಹಾಗಂತ ಮಕ್ಕಳ ಆಸೆಯನ್ನು ಚಿವುಟಿ ಹಾಕಬೇಡಿ. ಸಹಿ ಸಿಗುವ ಒಳ್ಳೆಯ ದಾರಿಗಳು ಬೇಕಾದಷ್ಟಿವೆ, ಕೆಲವಕ್ಕೆ ಪಂದ್ಯದ ಟಿಕೆಟ್ ಬಿಟ್ಟರೆ ದುಡ್ಡೇ ಬೇಡ. ಮಾರ್ಚ್‌ನಲ್ಲಿ ಅರಿಜೋನಾಗೆ ಹೋದರೆ ಜೈಂಟ್ಸ್ ತಂಡ ಸ್ಕಾಟ್ಸ್‌ಡೇಲ್ ಸ್ಟೇಡಿಯಂನಲ್ಲಿ ಅಭ್ಯಾಸ ಪಂದ್ಯ ಆಡುತ್ತದೆ. ಗೇಟ್ ತೆಗೆದ ತಕ್ಷಣ ಒಳಗೆ ಹೋಗಿ ಫೌಲ್ ಲೈನ್ (ಮೈದಾನದ ಬದಿಯ ಗೆರೆ) ಪಕ್ಕದ ಬೇಲಿ ಹತ್ತಿರ ನಿಂತರೆ ಆಟಗಾರರು ಬಂದು ಸಹಿ ಮಾಡುವುದುಂಟು. ಅಷ್ಟು ದೂರ ಬೇಡ ಅಂದರೆ ನಮ್ಮ ಸ್ಯಾನ್ ಹೋಸೆಯಲ್ಲೇ ಮೈನರ್ ಲೀಗ್‌ನ (ಮೇಜರ್ ಲೀಗ್‌ಗಿಂತ ಕೆಳಗಿನ ಹಂತ) ಸ್ಯಾನ್ ಹೋಸೆ ಜೈಂಟ್ಸ್ ಇದ್ದಾರೆ. ಅಲ್ಲಿನ ಹುಡುಗರು ನಾಳೆ ದೊಡ್ಡ ತಂಡಕ್ಕೆ ಹೋಗಬಹುದಾದವರು, ಮಕ್ಕಳ ಜೊತೆ ನಿಂತು ನಗುನಗುತ್ತಾ ಮಾತಾಡುತ್ತಾರೆ. ಹೊಸ ಬಾಲ್ ಒಯ್ಯಿರಿ. ಜೊತೆಗೆ ನೀಲಿ ಬಾಲ್ ಪಾಯಿಂಟ್ ಪೆನ್ ಇರಲಿ. ಶಾರ್ಪಿ ಮಾರ್ಕರ್ ಬೇಡ, ಅದರ ಶಾಯಿ ವರ್ಷ ಕಳೆದಂತೆ ಚರ್ಮದಲ್ಲಿ ಹರಡಿಕೊಂಡು ಸಹಿ ಮಸುಕಾಗುತ್ತದೆ. ಎರಡು ಹೊಲಿಗೆ ತೀರಾ ಹತ್ತಿರ ಬರುವ ಕಿರಿದಾದ ಜಾಗಕ್ಕೆ ಸ್ವೀಟ್ ಸ್ಪಾಟ್ ಅನ್ನುತ್ತಾರೆ. ಒಬ್ಬರದ್ದೇ ಸಹಿ ಆದರೆ ಅದನ್ನು ಅಲ್ಲೇ ಮಾಡಿಸಬೇಕು. ಆ ಭಾಗ ಮೇಲೆ ಬರುವ ಹಾಗೆ ಬಾಲ್ ಹಿಡಿದು ಕೊಡುವುದನ್ನು ಮಗುವಿಗೆ ಮೊದಲೇ ಹೇಳಿಕೊಡಿ. ನನ್ನ ಮಗಳ ಹತ್ತಿರ ಈಗ ಹೀಗೆ ಸಿಕ್ಕ ಒಂದು ಬಾಲ್ ಇದೆ. ಹೆಸರು ಮಾಡದ ಒಬ್ಬ ಪಿಚರ್‌ನದ್ದು. ಅವರು ಸಹಿ ಮಾಡುತ್ತಾ, ನೀನು ಯಾವ ಜಾಗದಲ್ಲಿ ಆಡುತ್ತೀಯಾ ಅಂತ ಕೇಳಿದರಂತೆ. ಅದನ್ನು ಅವಳು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

ಆ ನಕಲಿ ಬಾಲನ್ನು ನಾವು ಎಸೆದಿಲ್ಲ, ಮಾರುವುದೂ ಇಲ್ಲ. ಗೊತ್ತಿದ್ದೂ ಮಾರಿದರೆ ಇನ್ನೊಂದು ಮಗುವಿಗೆ ನಾವೇ ಮೋಸ ಮಾಡಿದ ಹಾಗೆ. ಎಫ್‌ಬಿಐ ಇಂಟರ್ನೆಟ್ ಅಪರಾಧಗಳ ದೂರು ತಗೊಳ್ಳುವ ಐಸಿ3 ವೆಬ್‌ಸೈಟ್‌ನಲ್ಲಿ ಮತ್ತು ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ದೂರು ಕೊಟ್ಟಿದ್ದೇವೆ. ಸಣ್ಣ ಮೊತ್ತದ ವ್ಯಾಜ್ಯ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟ್‌ಗೂ ಅರ್ಜಿ ಹಾಕುತ್ತಿದ್ದೇವೆ. ಅಲ್ಲಿ ವಕೀಲರು ಬೇಕಾಗಿಲ್ಲ, ನಾವೇ ಮಾತಾಡಬಹುದು. ನೀವೂ ಇಂಥ ಶೋನಲ್ಲಿ ‘ಮೊದಲೇ ಸಹಿ ಮಾಡಿದ’ ಬಾಲ್ ತಗೊಂಡಿದ್ದರೆ ಇವತ್ತೇ ತೆಗೆದು ಕಮಿಷನರ್ ಹೆಸರು, ಸರ್ಟಿಫಿಕೇಟ್‌ನಲ್ಲಿರುವ ವರ್ಷ ಎರಡನ್ನೂ ಹೋಲಿಸಿ ನೋಡಿ. ಹೊಂದದಿದ್ದರೆ ಟಿಕೆಟ್, ಸರ್ಟಿಫಿಕೇಟ್, ಪೋಸ್ಟರ್‌ನ ಫೋಟೋ ಯಾವುದನ್ನೂ ಬಿಸಾಡಬೇಡಿ. ದೂರು ಕೊಡುವಾಗ ಅಷ್ಟೂ ಬೇಕಾಗುತ್ತದೆ.