ಪಲ್ಸ್ ಸಂಕೇತದ ಫೇಸ್ ನಾಯ್ಸ್ ಅಳತೆಗೆ ಎಫ್‌ಎಸ್‌ಡಬ್ಲ್ಯುಪಿ: ಒಂದು ವಿಮರ್ಶೆ

ರೇಡಾರ್ ಟ್ರಾನ್ಸ್‌ಮಿಟರ್‌ನ ಫೇಸ್ ನಾಯ್ಸನ್ನು, ಅಂದರೆ ಸಂಕೇತದ ಫೇಸ್‌ನಲ್ಲಿ ಉಂಟಾಗುವ ಯಾದೃಚ್ಛಿಕ ಏರಿಳಿತವನ್ನು, ಅದು ಪಲ್ಸ್‌ಗಳನ್ನು ಹೊರಡಿಸುತ್ತಿರುವಾಗಲೇ ಅಳೆಯಬೇಕು. ರೇಡಾರ್ ಸಂಕೇತವನ್ನು ವರ್ಧಿಸುವ ಹೆಚ್ಚಿನ ಶಕ್ತಿಯ ಟ್ರಾವೆಲಿಂಗ್ ವೇವ್ ಟ್ಯೂಬ್‌ಗಳಲ್ಲಿ ಹಲವು ಪಲ್ಸ್‌ಗೆಂದೇ ರೂಪುಗೊಂಡಿರುವುದರಿಂದ ನಿರಂತರವಾಗಿ ನಡೆಸಿದರೆ ಬಿಸಿ ತಾಳಲಾರವು. ತಾಳಿದರೂ, ಪಲ್ಸ್ ಹೊಮ್ಮುವಾಗ ಪವರ್ ಸಪ್ಲೈ ವೋಲ್ಟೇಜ್ ಕುಸಿಯುವುದು, ಸಾಧನ ಕಾದು ತಣಿಯುವುದು ಇವೆಲ್ಲ ಫೇಸ್‌ನ ಮೇಲೆ ಬೀರುವ ಪರಿಣಾಮ ನಿರಂತರ ಸ್ಥಿತಿಯ ಅಳತೆಯಲ್ಲಿ ಕಾಣಿಸುವುದಿಲ್ಲ. 10 ಗಿಗಾಹರ್ಟ್ಸ್ ರೇಡಾರಿನ ಕಡೆಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬರುವ ಗುರಿಯ ಡಾಪ್ಲರ್ ಆವರ್ತನ (ಚಲನೆಯಿಂದ ಪ್ರತಿಫಲನದ ಆವರ್ತನದಲ್ಲಾಗುವ ಬದಲಾವಣೆ) ಸುಮಾರು 333 ಹರ್ಟ್ಸ್ ಮಾತ್ರ. ಬೆಟ್ಟಗುಡ್ಡಗಳಿಂದ ಮರಳುವ ಪ್ರಬಲ ಪ್ರತಿಫಲನದ ನಾಯ್ಸ್ ಮೂಲ ಆವರ್ತನದಿಂದ ಅಷ್ಟೇ ದೂರದಲ್ಲಿ ಹೆಚ್ಚಿದ್ದರೆ ಗುರಿ ಮುಚ್ಚಿಹೋಗುತ್ತದೆ. ರೇಡಾರ್ ಅಭಿವೃದ್ಧಿಪಡಿಸುವ ಎಲ್‌ಆರ್‌ಡಿಇ, ರೇಡಾರ್ ತಯಾರಿಸುವ ಬಿಇಎಲ್ ಮತ್ತು ಮೈಕ್ರೋವೇವ್ ಟ್ಯೂಬ್‌ಗಳ ಸಂಶೋಧನಾ ಕೇಂದ್ರ ಎಂಟಿಆರ್‌ಡಿಸಿ ಇರುವ ಬೆಂಗಳೂರಿಗೆ ಇದು ದೂರದ ವಿಷಯವಲ್ಲ.

ಮ್ಯೂನಿಕ್‌ನ ರೋಡೆ ಅಂಡ್ ಶ್ವಾರ್ಜ್ ಕಂಪನಿಯ ಎಫ್‌ಎಸ್‌ಡಬ್ಲ್ಯುಪಿ ಅನಲೈಸರ್ ಈ ಕೆಲಸಕ್ಕಾಗಿ ಕೆ4 ಎಂಬ ಆಯ್ಕೆಯನ್ನು ಒದಗಿಸುತ್ತದೆ. ಇದರ ಮಹತ್ವ ತಿಳಿಯಬೇಕಾದರೆ ಹಳೆಯ ಕ್ರಮವನ್ನು ನೆನಪಿಸಿಕೊಳ್ಳಬೇಕು. ಫೇಸ್ ಡಿಟೆಕ್ಟರ್ ವಿಧಾನದಲ್ಲಿ ಎರಡು ಸಂಕೇತಗಳನ್ನು 90 ಡಿಗ್ರಿ ಅಂತರದಲ್ಲಿ ಹಿಡಿದಿಡಬೇಕಿತ್ತು. ಪಲ್ಸ್‌ನ ಪುನರಾವರ್ತನೆ ಡಿಟೆಕ್ಟರ್‌ನಿಂದ ಸೋರಿ ಬಂದು ಮುಂದಿನ ಲೋ ನಾಯ್ಸ್ ಆಂಪ್ಲಿಫೈಯರನ್ನು ಸ್ಯಾಚುರೇಟ್ ಮಾಡದಂತೆ ಪ್ರತಿ ಪಿಆರ್‌ಎಫ್‌ಗೆ (ಸೆಕೆಂಡಿಗೆ ಬರುವ ಪಲ್ಸ್‌ಗಳ ಸಂಖ್ಯೆಗೆ) ತಕ್ಕ ಫಿಲ್ಟರ್ ಹಾಕಬೇಕಿತ್ತು. ಡ್ಯೂಟಿ ಸೈಕಲ್ (ಒಟ್ಟು ಸಮಯದಲ್ಲಿ ಪಲ್ಸ್ ಇರುವ ಪಾಲು) ಕಡಿಮೆಯಾದಷ್ಟೂ ಆ 90 ಡಿಗ್ರಿಯ ಹಿಡಿತ, ಅಂದರೆ ಲಾಕ್, ಸಡಿಲವಾಗುತ್ತಿತ್ತು. ಎಫ್‌ಎಸ್‌ಡಬ್ಲ್ಯುಪಿ ಸಂಕೇತವನ್ನು ಡಿಜಿಟಲ್ ರೂಪಕ್ಕೆ ತಂದ ಮೇಲೆ ಫೇಸನ್ನು ಲೆಕ್ಕ ಹಾಕುವುದರಿಂದ ಆ ಲಾಕ್‌ನ ಅಗತ್ಯವೇ ಬೀಳುವುದಿಲ್ಲ. ಪಲ್ಸ್‌ನ ಅಗಲವನ್ನೂ ಪಿಆರ್‌ಎಫ್ಅನ್ನೂ ಅದು ತಾನೇ ಗುರುತಿಸುತ್ತದೆ. ಫೇಸ್ ನಾಯ್ಸ್ ಮತ್ತು ಎಎಂ ನಾಯ್ಸ್ (ಸಂಕೇತದ ಆಂಪ್ಲಿಟ್ಯೂಡ್‌ನ ಏರಿಳಿತ) ಎರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ನನ್ನ ಮಟ್ಟಿಗೆ ಈ ಉಪಕರಣದ ನಿಜವಾದ ಹಿರಿಮೆ ಇದೇ, ಏಕೆಂದರೆ ಸಿದ್ಧತೆಗೆ ಹೋಗುತ್ತಿದ್ದ ಶ್ರಮವೆಲ್ಲ ಫಲಿತಾಂಶವನ್ನು ಅರ್ಥಮಾಡಿಕೊಳ್ಳುವುದಕ್ಕೆ ಒದಗುತ್ತದೆ.

ಆದರೆ ಪಲ್ಸ್ ತಂದೊಡ್ಡುವ ಮಿತಿಗಳನ್ನು ಯಾವ ಉಪಕರಣವೂ ತೊಡೆಯಲಾರದು. ಪ್ರತಿ ಪಲ್ಸ್ ಫೇಸ್‌ನ ಒಂದು ಸ್ಯಾಂಪಲ್ ಇದ್ದಂತೆ. ಆದ್ದರಿಂದ ಪಿಆರ್‌ಎಫ್‌ನ ಅರ್ಧಕ್ಕಿಂತ ಆಚೆಯ ಆಫ್‌ಸೆಟ್‌ಗಳನ್ನು (ಕ್ಯಾರಿಯರ್ ಎಂಬ ಮೂಲ ಆವರ್ತನದಿಂದ ಇರುವ ದೂರಗಳನ್ನು) ನೋಡಲಾಗುವುದಿಲ್ಲ; ಅಲ್ಲಿನ ನಾಯ್ಸ್ ಮಡಚಿಕೊಂಡು ಒಳಗೇ ಬಂದು ಸೇರುತ್ತದೆ. ಪಿಆರ್‌ಎಫ್ 10 ಕಿಲೋಹರ್ಟ್ಸ್, ಪಲ್ಸ್ ಅಗಲ 10 ಮೈಕ್ರೋಸೆಕೆಂಡ್ ಇದ್ದರೆ ಗ್ರಾಫ್ 5 ಕಿಲೋಹರ್ಟ್ಸ್‌ಗೆ ಮುಗಿಯುತ್ತದೆ, ನಡುವಿನ ಕ್ಯಾರಿಯರ್ ರೇಖೆ 20 ಡೆಸಿಬೆಲ್ ಕುಗ್ಗುತ್ತದೆ. ಅದೇ ಪಲ್ಸ್ 1 ಕಿಲೋಹರ್ಟ್ಸ್ ಪಿಆರ್‌ಎಫ್‌ನಲ್ಲಿ ಬಂದರೆ ಡ್ಯೂಟಿ ಸೈಕಲ್ ಶೇ. 1ಕ್ಕೆ ಇಳಿದು ಕುಗ್ಗುವಿಕೆ 40 ಡೆಸಿಬೆಲ್ ಆಗುತ್ತದೆ. ಪಲ್ಸ್ ಇಲ್ಲದ ಹೊತ್ತಿನ ನಾಯ್ಸನ್ನು ಗೇಟ್ ಹಾಕಿ ಹೊರಗಿಟ್ಟರೆ ಅದರಲ್ಲಿ 20 ಡೆಸಿಬೆಲ್ ಮರಳಿ ಸಿಗುತ್ತದೆ. ಹಾಗಾಗಿ ಗೇಟನ್ನು ಪಲ್ಸ್‌ನ ಅಂಚುಗಳನ್ನು ಬಿಟ್ಟು ಒಳಭಾಗದಲ್ಲಿ ಎಲ್ಲಿ ಕೂರಿಸಬೇಕು ಎಂಬುದನ್ನು ಸ್ವತಃ ನೋಡಿ ನಿರ್ಧರಿಸಬೇಕು. ಉಪಕರಣ ಗುರುತಿಸಿದ ಅಗಲವನ್ನೇ ಕಣ್ಣುಮುಚ್ಚಿ ಒಪ್ಪಿಕೊಳ್ಳುವುದನ್ನು ನಾನು ಸೂಚಿಸಲಾರೆ.

ಉಳಿದ 20 ಡೆಸಿಬೆಲ್‌ಗೆ ಕ್ರಾಸ್ ಕೋರಿಲೇಷನ್ ಇದೆ. ಎರಡು ಸ್ವತಂತ್ರ ಚಾನೆಲ್‌ಗಳ ಫಲಿತಾಂಶವನ್ನು ತಾಳೆ ಹಾಕಿ ಉಪಕರಣದ ಸ್ವಂತ ನಾಯ್ಸನ್ನು ತಗ್ಗಿಸುವ ಈ ವಿಧಾನದಲ್ಲಿ ಕೋರಿಲೇಷನ್‌ಗಳ ಸಂಖ್ಯೆ ಹತ್ತು ಪಟ್ಟಾದಾಗ 5 ಡೆಸಿಬೆಲ್ ಲಾಭ. 20 ಡೆಸಿಬೆಲ್ ಬೇಕೆಂದರೆ 10,000 ಪಟ್ಟು ಬೇಕು, ಮತ್ತು ಕ್ಯಾರಿಯರ್‌ಗೆ 1 ಹರ್ಟ್ಸ್ ಸಮೀಪದಲ್ಲಿ ಪ್ರತಿಯೊಂದಕ್ಕೂ ಸೆಕೆಂಡಿನಷ್ಟು ಹೊತ್ತು ಹಿಡಿದರೂ ಎರಡೂಮುಕ್ಕಾಲು ಗಂಟೆ ಕಾಯಬೇಕಾಗುತ್ತದೆ. ವಿವರಪಟ್ಟಿಯಲ್ಲಿ ನಿರಂತರ ಸಂಕೇತಕ್ಕೆ ಕೊಟ್ಟಿರುವ ಸಂವೇದನಾಶೀಲತೆಯನ್ನು ಪಲ್ಸ್‌ಗೂ ಅನ್ವಯಿಸಿಕೊಂಡು ಯೋಜನೆ ಹಾಕುವವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.

ಆಂಪ್ಲಿಫೈಯರ್ ತಾನಾಗಿ ಸೇರಿಸುವ ನಾಯ್ಸನ್ನಷ್ಟೇ ತಿಳಿಯಬೇಕಾದವರಿಗೆ ಬಿ64 ಆಯ್ಕೆಯೂ ಬೇಕು. ಅದರಲ್ಲಿರುವ ಆಂತರಿಕ ಸಿಗ್ನಲ್ ಮೂಲದಿಂದ ಪಲ್ಸ್ ಸ್ಥಿತಿಯಲ್ಲೂ ಈ ಅಳತೆ ಸಾಧ್ಯ. ಟ್ಯೂಬ್ ಅಥವಾ ಪವರ್ ಆಂಪ್ಲಿಫೈಯರ್ ಪರೀಕ್ಷಿಸುವ ಪ್ರಯೋಗಾಲಯ ಈ ಎರಡೂ ಆಯ್ಕೆಗಳನ್ನು ಒಟ್ಟಿಗೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಡ್ಯೂಟಿ ಸೈಕಲ್ ಶೇ. 10ರ ಆಸುಪಾಸಿನಲ್ಲಿ ಇರುವವರು ನಿಶ್ಚಿಂತೆಯಿಂದ ಈ ಉಪಕರಣವನ್ನು ಆರಿಸಿಕೊಳ್ಳಬಹುದು, ಶೇ. 1ಕ್ಕೂ ಕೆಳಗಿರುವವರು ತಮ್ಮದೇ ಪಲ್ಸ್ ಅಗಲ ಮತ್ತು ಪಿಆರ್‌ಎಫ್ ಕೊಟ್ಟು, ತಮಗೆ ಬೇಕಾದ ಆಫ್‌ಸೆಟ್‌ನಲ್ಲಿ ನಾಯ್ಸ್ ಫ್ಲೋರ್ (ಅಳೆಯಬಹುದಾದ ಅತಿ ಕಡಿಮೆ ನಾಯ್ಸ್ ಮಟ್ಟ) ಎಷ್ಟು ಹೊತ್ತಿನಲ್ಲಿ ಎಲ್ಲಿಗೆ ಇಳಿಯುತ್ತದೆಂದು ಖರೀದಿಗೆ ಮುಂಚೆಯೇ ಅಳೆದು ತೋರಿಸುವಂತೆ ಕೇಳಬೇಕು.