ಮಾವನ ಪೇಪರ್ ಕಟಿಂಗ್‌ಗಳಿಗೆ ಸ್ಕ್ಯಾನಿಂಗ್: ಐದಕ್ಕೆ ನಾಲ್ಕು ಸ್ಟಾರ್

ಕೋಲಾರದ ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಗಲ್ಲಿಯಲ್ಲಿರುವ ಬೈಂಡಿಂಗ್ ಅಂಗಡಿ ಇದು. ಮುಂದೆ ಜೆರಾಕ್ಸ್, ಒಳಗೆ ಸ್ಕ್ಯಾನಿಂಗ್. ಪಹಣಿ, ಮಾರ್ಕ್ಸ್ ಕಾರ್ಡ್ ಹಿಡಿದು ಬರುವವರೇ ಹೆಚ್ಚು. ನಾನು ಒಯ್ದದ್ದು ನಮ್ಮ ಮಾವ ಕತ್ತರಿಸಿಟ್ಟಿದ್ದ ಪೇಪರ್ ಕಟಿಂಗ್‌ಗಳನ್ನು. ಒಂದಷ್ಟನ್ನು ಲೆಕ್ಕದ ಪುಸ್ತಕಕ್ಕೆ ಮೈದಾ ಅಂಟು ಹಾಕಿ ಮೆತ್ತಿದ್ದರು, ಮಿಕ್ಕವು ಬಿಸ್ಕತ್ ಡಬ್ಬಿಯಲ್ಲಿ ಬಿಡಿಬಿಡಿಯಾಗಿದ್ದವು. ಮಾವ ಕೆಜಿಎಫ್ ಗಣಿಯಲ್ಲಿದ್ದವರು. ಗಣಿ, ರೈಲು, ಕೆರೆ ಈ ಮೂರರ ಸುದ್ದಿ ಕಂಡರೆ ಕತ್ತರಿ ಕೈಗೆ ಬರುತ್ತಿತ್ತು.

ಮೊದಲು ಒಳ್ಳೆಯದು ಹೇಳುತ್ತೇನೆ. ನಮ್ಮ ಮನೆಯವರು "ಎಲ್ಲಾ ಲ್ಯಾಮಿನೇಷನ್ ಮಾಡಿಸಿಬಿಡು" ಅಂದಿದ್ದರು. ಅಂಗಡಿಯವರು ಒಪ್ಪಲಿಲ್ಲ. "ಬೇಡಮ್ಮ, ಬಿಸಿ ಕೊಟ್ಟು ಅಂಟಿಸಿದರೆ ಆಮೇಲೆ ಬಿಡಿಸೋಕಾಗಲ್ಲ" ಅಂದರು. ಲ್ಯಾಮಿನೇಷನ್‌ಗೇ ದುಡ್ಡು ಜಾಸ್ತಿ, ಆದರೂ ಬೇಡ ಅಂದರಲ್ಲ, ಅಲ್ಲೇ ನಂಬಿಕೆ ಬಂತು. ಪೇಪರನ್ನು ಫೀಡರ್‌ಗೆ ತುರುಕದೆ ಗಾಜಿನ ಮೇಲೆ ಒಂದೊಂದಾಗಿ ಇಟ್ಟರು. ಹಿಂಬದಿಯ ಅಕ್ಷರ ಮುಂದಕ್ಕೆ ಕಾಣದಿರಲೆಂದು ಮೇಲೊಂದು ಕಪ್ಪು ಹಾಳೆ ಹಾಕಿದರು. 600 ಡಿಪಿಐ, ಕಲರ್. ಸೆಲ್ಲೋಟೇಪ್ ಕಂದು ಕಲೆ ಬಿಟ್ಟಿದ್ದ ಕಡೆಯೂ ಓದುವ ಹಾಗೆ ಬಂದಿದೆ.

ಗಲಾಟೆ ಆದದ್ದು ಕ್ರಾಪಿಂಗ್‌ನಲ್ಲಿ. ಕಂಪ್ಯೂಟರ್ ಮುಂದಿದ್ದ ಹುಡುಗ ನೀಟಾಗಿರಲಿ ಅಂತ ಸುದ್ದಿಯ ಚೌಕಟ್ಟಿಗೆ ಸರಿಯಾಗಿ ಅಂಚು ಕತ್ತರಿಸಿಬಿಟ್ಟಿದ್ದ. ಮಾವ ತಾರೀಖು ಬರೆಯುತ್ತಿದ್ದದ್ದು ಅದೇ ಅಂಚಿನಲ್ಲಿ! ಕೆಜಿಎಫ್ ಗಣಿ ನಡೆಸುತ್ತಿದ್ದ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್) ಕಂಪನಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿದ ಸುದ್ದಿಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಗ್ರಾಚ್ಯುಟಿ ಯಾವಾಗ?" ಅಂತ ಒಂದು ಸಾಲಿತ್ತು. 1902ರಲ್ಲೇ ಶಿವನಸಮುದ್ರದ ಕರೆಂಟ್ ಕಂಡ ಊರು, ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ, ಇವೆಲ್ಲ ಯಾವ ಪುಸ್ತಕದಲ್ಲಾದರೂ ಸಿಗುತ್ತವೆ. ಆ ಪೆನ್ಸಿಲ್ ಸಾಲು ಇನ್ನೆಲ್ಲಿ ಸಿಗಬೇಕು? ಹೇಳಿದ ಮೇಲೆ ಅಂಚು ಸಮೇತ ಮತ್ತೆ ಮಾಡಿಕೊಟ್ಟರು, ಎಕ್ಸ್‌ಟ್ರಾ ಕೇಳಲಿಲ್ಲ.

ಬಿಡಿ ಕಟಿಂಗ್‌ಗಳ ಹಿಂಬದಿಯನ್ನೂ ಮಾಡಿ ಅಂದಾಗ ಹುಡುಗ ನನ್ನ ಮುಖ ನೋಡಿದ. ಮುಂದೆ ನ್ಯಾರೋಗೇಜ್ ರೈಲಿನ ಸುದ್ದಿ, ಎರಡೂವರೆ ಅಡಿ ಅಗಲದ ಹಳಿಯ ಫೋಟೋ. ಹಿಂದೆ ಶಿಡ್ಲಘಟ್ಟ ಮಾರುಕಟ್ಟೆಯ ರೇಷ್ಮೆಗೂಡಿನ ಧಾರಣೆ ಅರ್ಧ, ಟಾಕೀಸಿನ ಜಾಹೀರಾತು ಮುಕ್ಕಾಲು. ನನ್ನನ್ನು ಕೇಳಿದರೆ ಊರು ಹೇಗಿತ್ತು ಅಂತ ಆ ಹಿಂಬದಿಯೇ ಚೆನ್ನಾಗಿ ಹೇಳುತ್ತೆ. ಮೈದಾ ಅಂಟಿನವುಗಳ ಬೆನ್ನು ಮಾತ್ರ ಹೋಯಿತು, ಅದಕ್ಕೆ ಅಂಗಡಿಯವರು ಏನು ಮಾಡಿಯಾರು.

ಇನ್ನೊಂದು ತಕರಾರು. ಫೋಲ್ಡರ್‌ಗಳನ್ನು ಈಗಿನ ಜಿಲ್ಲೆಯ ಪ್ರಕಾರ ಮಾಡಿದ್ದರು. 2007ರವರೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ ಎಲ್ಲವೂ ಕೋಲಾರ ಜಿಲ್ಲೆಯೇ ಅಲ್ಲವೇ? 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರ್ ನೆನೆದು ಬರೆದ ಒಂದು ಹಳೆಯ ಲೇಖನ "ಚಿಕ್ಕಬಳ್ಳಾಪುರ"ದಲ್ಲಿ ಕೂತಿತ್ತು, ಪೇಪರಿನ ತಲೆಯಲ್ಲಿ "ಕೋಲಾರ ಜಿಲ್ಲೆ" ಅಂತ ಅಚ್ಚಾಗಿದ್ದರೂ. ವರ್ಷದ ಪ್ರಕಾರ ಇಡಿ ಅಂತ ಮೊದಲೇ ಹೇಳಿಬಿಡಿ.

ಚಿತ್ರದಿಂದ ಅಕ್ಷರ ತೆಗೆದುಕೊಡುವ ಕೆಲಸಕ್ಕೆ ದುಡ್ಡು ಕೊಡಬೇಡಿ. ಹಳೆ ಅಚ್ಚಿನ ಒತ್ತಕ್ಷರಗಳನ್ನು ಅದು ಅಧ್ವಾನ ಮಾಡುತ್ತೆ.

ಹಾಳೆಗೆ ಹತ್ತು ರೂಪಾಯಿ, ಎರಡೂ ಬದಿಗೆ ಹದಿನೈದು. ಪೆನ್‌ಡ್ರೈವ್ ನೀವೇ ಒಯ್ಯಬೇಕು. ಬೆಳಗ್ಗೆ ಅರ್ಜಿಯವರ ನೂಕುನುಗ್ಗಲು, ನಾಲ್ಕರ ಮೇಲೆ ಹೋದರೆ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರಿಸುತ್ತಾರೆ.