ಬೋಟಿನ ಬ್ಯಾಟರಿ ವೈರಿಂಗ್: 1-2-ಬೋತ್ ಸ್ವಿಚ್ಚಾ, ರಿಲೇನಾ?

ಬೋಟಿನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ: ಎಂಜಿನ್ ಎಬ್ಬಿಸಲು ಸ್ಟಾರ್ಟ್ ಬ್ಯಾಟರಿ, ಲೈಟು ಮುಂತಾದವಕ್ಕೆ ಹೌಸ್ ಬ್ಯಾಟರಿ. ಒಂದೇ ಆಲ್ಟರ್ನೇಟರಿನಿಂದ (ಎಂಜಿನ್ ತಿರುಗಿಸುವ ಜನರೇಟರ್) ಎರಡನ್ನೂ ಚಾರ್ಜ್ ಮಾಡುವುದು ಹೇಗೆ ಅನ್ನುವುದೇ ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ರಿಲೇಗೆ. ಆಲ್ಟರ್ನೇಟರಿನ ದಪ್ಪ ವೈರ್ ನೇರ ಹೌಸ್ ಬ್ಯಾಟರಿಗೆ ಹೋಗಬೇಕು. ಅಲ್ಲಿಂದ ಸ್ಟಾರ್ಟ್ ಬ್ಯಾಟರಿಗೆ ನಡುವೆ ಒಂದು ವೋಲ್ಟೇಜ್ ರಿಲೇ, ಅಂದರೆ ವೋಲ್ಟೇಜ್ ನೋಡಿ ತಾನಾಗಿಯೇ ಕೂಡಿಸಿ ಬಿಡಿಸುವ ಸ್ವಿಚ್. ಎರಡಕ್ಕೂ ಒಂದೊಂದು ಸಾದಾ ಆನ್-ಆಫ್ ಸ್ವಿಚ್. ಅಷ್ಟೇ.

ನಾನು ಕೊಂಡ ಸೆಕೆಂಡ್ ಹ್ಯಾಂಡ್ ಬೋಟಿನಲ್ಲಿ 1-2-ಬೋತ್ ಸ್ವಿಚ್ ಇತ್ತು, ಅಂದರೆ ಮೊದಲ ಬ್ಯಾಟರಿ, ಎರಡನೆಯದು, ಎರಡೂ ಒಟ್ಟಿಗೆ (ಬೋತ್) ಅಥವಾ ಆಫ್ ಎಂದು ಆರಿಸುವ ತಿರುಗು ಗುಂಡಿ. ಆಲ್ಟರ್ನೇಟರಿನ ವೈರ್ ಸ್ಟಾರ್ಟರಿನ ಬೋಲ್ಟಿಗೆ ಸೇರಿತ್ತು. ಅಲ್ಲಿಂದ ಒಂದೇ ಕೇಬಲ್ ಸ್ವಿಚ್ಚಿನ ಕಾಮನ್ (ಎರಡೂ ಬ್ಯಾಟರಿಗೆ ಸೇರಿದ) ಟರ್ಮಿನಲ್‌ಗೆ. ಅಂದರೆ ಎಂಜಿನ್ ಸ್ಟಾರ್ಟ್ ಮಾಡುವ ಕರೆಂಟ್ ಯಾವ ದಾರಿಯಲ್ಲಿ ಬರುತ್ತದೋ, ಚಾರ್ಜಿಂಗ್ ಕರೆಂಟ್ ಅದೇ ದಾರಿಯಲ್ಲಿ ವಾಪಸ್ ಹೋಗುತ್ತದೆ. ಸ್ವಿಚ್ 1ರಲ್ಲಿದ್ದರೆ ಮೊದಲನೆಯದಕ್ಕೆ ಮಾತ್ರ ಚಾರ್ಜ್. ಕೇಬಲ್ ಕಡಿಮೆ, ಖರ್ಚೂ ಕಡಿಮೆ.

ತೊಂದರೆ ಇರುವುದು ಆಫ್ ಎಂಬ ಜಾಗದಲ್ಲಿ. ಎಂಜಿನ್ ಓಡುತ್ತಿರುವಾಗ 1ರಿಂದ ಬೋತ್ ಮೂಲಕ 2ಕ್ಕೆ ತಿರುಗಿಸಿದರೆ ಏನೂ ಆಗುವುದಿಲ್ಲ. ಒಳ್ಳೆಯ ಸ್ವಿಚ್ಚುಗಳು ಎರಡನೆಯದನ್ನು ಹಿಡಿದ ಮೇಲೇ ಮೊದಲನೆಯದನ್ನು ಬಿಡುತ್ತವೆ. ಆದರೆ ಆ ಗುಂಡಿ ಇನ್ನೊಂದು ಕಡೆಗೂ ತಿರುಗುತ್ತದೆ. ಜೊತೆಗೆ ಬಂದಿದ್ದ ಗೆಳೆಯನೊಬ್ಬ ಲೈಟ್ ಆರಿಸೋಣ ಅಂತ ಸುಮ್ನೆ ಆಫ್‌ಗೆ ತಿರುಗಿಸಿಬಿಟ್ಟ. ಡೀಸೆಲ್ ಎಂಜಿನ್, ನಿಲ್ಲಲಿಲ್ಲ. ತಕ್ಷಣ ಮತ್ತೆ ಆನ್ ಮಾಡಿದೆವು. ಆದರೆ ಆಮೇಲೆ ವೋಲ್ಟ್‌ಮೀಟರ್ 12.3 ದಾಟಲೇ ಇಲ್ಲ, ಅಂದರೆ ಚಾರ್ಜ್ ಆಗುತ್ತಿರಲಿಲ್ಲ. ಆಲ್ಟರ್ನೇಟರಿನ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಹೋಗಿದ್ದವು.

ಕಾರಣ ಇಷ್ಟು. ಆಲ್ಟರ್ನೇಟರಿನ ಒಳಗಿನ ಫೀಲ್ಡ್ ಕಾಯಿಲ್ (ಕಾಂತವಾಗಿ ಕೆಲಸ ಮಾಡುವ ತಂತಿ ಸುರುಳಿ) ತನ್ನ ಕಾಂತಶಕ್ತಿಯನ್ನು ಕ್ಷಣಾರ್ಧದಲ್ಲಿ ಬಿಡುವುದಿಲ್ಲ. ಬ್ಯಾಟರಿ ತಪ್ಪಿದ ಗಳಿಗೆಯಲ್ಲಿ ಜೋರಾಗಿ ಹರಿಯುತ್ತಿದ್ದ ಕರೆಂಟಿಗೆ ಹೋಗಲು ಜಾಗವಿರುವುದಿಲ್ಲ. ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಹಿಡಿತಕ್ಕೆ ತರುವಷ್ಟರಲ್ಲಿ ವೋಲ್ಟೇಜ್ 14ರಿಂದ ಹಲವು ಪಟ್ಟು ಮೇಲಕ್ಕೆ ಹಾರುತ್ತದೆ. ಮೊದಲು ಸಾಯುವುದು ಡಯೋಡ್, ಒಮ್ಮೊಮ್ಮೆ ಬೋಟಿನ ಎಲೆಕ್ಟ್ರಾನಿಕ್ಸ್ ಕೂಡ. ಇದನ್ನು ತಪ್ಪಿಸಲು ಕೆಲವು ಸ್ವಿಚ್ಚುಗಳಲ್ಲಿ ಫೀಲ್ಡ್ ಕಡಿಯುವ ಎರಡು ಸಣ್ಣ ಟರ್ಮಿನಲ್ ಕೊಟ್ಟಿರುತ್ತಾರೆ. ಆದರೆ ರೆಗ್ಯುಲೇಟರ್ ಒಳಗೇ ಇರುವ ಆಲ್ಟರ್ನೇಟರಿನಲ್ಲಿ ಫೀಲ್ಡ್ ವೈರ್ ಕೈಗೇ ಸಿಗುವುದಿಲ್ಲ, ಅಲ್ವಾ?

ರಿಪೇರಿಯ ಬಳಿಕ ಡಯೋಡ್ ಐಸೋಲೇಟರ್ (ಡಯೋಡ್‌ಗಳ ಮೂಲಕ ಎರಡೂ ಬ್ಯಾಟರಿಗೆ ಚಾರ್ಜ್ ಹಂಚುವ ಪೆಟ್ಟಿಗೆ) ಹಾಕಿ ನೋಡಿದೆ. ಅದು ಸುಮಾರು 0.7 ವೋಲ್ಟ್ ನುಂಗುತ್ತದೆ. ಸೆನ್ಸ್ ವೈರ್ (ಬ್ಯಾಟರಿಯ ವೋಲ್ಟೇಜ್ ಅಳೆದು ತಿಳಿಸುವ ತಂತಿ) ಇಲ್ಲದ ನನ್ನ ಆಲ್ಟರ್ನೇಟರ್ 14.2 ಕೊಟ್ಟರೆ ಬ್ಯಾಟರಿಗೆ 13.5. ಲೆಡ್-ಆಸಿಡ್ ಬ್ಯಾಟರಿ ಇದರಲ್ಲಿ ಸರಿಯಾಗಿ ತುಂಬುವುದಿಲ್ಲ. ತೆಗೆದುಹಾಕಿದೆ.

ಈಗಿರುವ ರಿಲೇ ಸುಮಾರು 13.3 ವೋಲ್ಟಿಗೆ ಎರಡೂ ಬ್ಯಾಟರಿಗಳನ್ನು ಕೂಡಿಸುತ್ತದೆ, 12.8ರ ಹತ್ತಿರ ಬಿಡಿಸುತ್ತದೆ. ಹೌಸ್ ಬ್ಯಾಟರಿ ಪೂರ್ತಿ ಇಳಿದಿದ್ದರೆ ವೋಲ್ಟೇಜ್ ಅಲ್ಲಿಗೆ ಏರಲು ಹೊತ್ತು ಹಿಡಿಯುತ್ತದೆ, ರಿಲೇ ತಡವಾಗಿ ಕೂಡಿಸುತ್ತದೆ. ಅದರಿಂದ ಹಾನಿ ಕಂಡಿಲ್ಲ. ಎಂಜಿನ್ ಸ್ಟಾರ್ಟ್ ಮಾಡಲು ಖರ್ಚಾಗುವುದು ಬಹಳ ಕಡಿಮೆ ಚಾರ್ಜ್. ಹಾಗಾಗಿ ಸ್ಟಾರ್ಟ್ ಬ್ಯಾಟರಿ ಸ್ವಲ್ಪ ಹೊತ್ತು ಕಾಯಬಹುದು. ಮುಖ್ಯ ವಿಷಯ, ಯಾವ ಸ್ವಿಚ್ ಯಾರು ತಿರುಗಿಸಿದರೂ ಆಲ್ಟರ್ನೇಟರಿಗೆ ಹೌಸ್ ಬ್ಯಾಟರಿ ತಪ್ಪುವುದಿಲ್ಲ.

ಆದರೆ ಫ್ಯೂಸ್ ಹಾರಿದರೂ ಅದೇ ಗತಿ. ಬ್ಯಾಟರಿ ತುದಿಯಲ್ಲಿ ಫ್ಯೂಸ್ ಬೇಕೇ ಬೇಕು, ಆದರೆ ಅದು ಆಲ್ಟರ್ನೇಟರ್ ಕೊಡುವ ಗರಿಷ್ಠಕ್ಕಿಂತ ದೊಡ್ಡದಿರಬೇಕು, ಕೇಬಲ್ ತಡೆಯುವ ಮಿತಿಯೊಳಗಿರಬೇಕು. ಹೌಸ್ ಬ್ಯಾಟರಿ ದೂರದಲ್ಲಿದ್ದರೆ ಕೇಬಲ್ ದಪ್ಪದಲ್ಲಿ ಉಳಿತಾಯ ಮಾಡಬೇಡಿ. ಚಾರ್ಜ್ ಜೋರಾಗಿದ್ದಾಗ ಮಲ್ಟಿಮೀಟರಿನಲ್ಲಿ ಕೇಬಲ್ಲಿನ ಎರಡೂ ತುದಿಯ ವೋಲ್ಟೇಜ್ ಅಳೆದು ನೋಡಿ. ಬಿಲ್ಜ್ ಪಂಪಿನ (ಬೋಟಿನ ತಳದ ನೀರು ಹೊರಹಾಕುವ ಪಂಪ್) ವೈರ್ ಸ್ವಿಚ್ಚಿಗೆ ಮುಂಚೆಯೇ ಬೇರೆ ಫ್ಯೂಸಿನಿಂದ ಹೋಗಲಿ.

ಲಿಥಿಯಂ ಬ್ಯಾಟರಿ ಹಾಕುವವರಿಗೆ ಡಿಸಿ-ಡಿಸಿ ಚಾರ್ಜರ್ (ಕರೆಂಟಿಗೆ ಮಿತಿ ಹಾಕಿ ಒಂದು ಬ್ಯಾಟರಿಯಿಂದ ಇನ್ನೊಂದನ್ನು ಚಾರ್ಜ್ ಮಾಡುವ ಸಾಧನ) ಒಳ್ಳೆಯದು. ಲಿಥಿಯಂ ಹಸಿವಿಗೆ ಸಣ್ಣ ಆಲ್ಟರ್ನೇಟರ್ ಕಾದುಹೋಗುತ್ತದೆ, ಲಿಥಿಯಂ ಬ್ಯಾಟರಿಯ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ತಾನಾಗಿಯೇ ಬ್ಯಾಟರಿಯನ್ನು ಕಡಿದರೆ ಮತ್ತೆ ಡಯೋಡ್ ಕಥೆ. ನನ್ನದು ಲೆಡ್-ಆಸಿಡ್, ಬಜೆಟ್ಟೂ ಅಷ್ಟೇ, ಬೋಟಿನಲ್ಲಿ ಯಾವಾಗಲೂ ಯಾರಾದರೂ ಜೊತೆಗಿರುತ್ತಾರೆ, ಹಾಗಾಗಿ ನನಗೆ ರಿಲೇ. ಒಬ್ಬರೇ ಹೋಗುವವರು, ಸ್ವಿಚ್ ತಮ್ಮ ಕೈ ಬಿಟ್ಟು ಇನ್ನೊಬ್ಬರ ಕೈ ಸೇರದು ಅನ್ನುವವರು, ಇದ್ದ 1-2-ಬೋತ್‌ನಲ್ಲೇ ಆರಾಮಾಗಿ ಇರಬಹುದು.